ಭಂಡಾರ ಹಚ್ಚಿದ ಗಾಜುಗಳು

ನನ್ನ ಸಂಶೋಧನೆಯ ಬಗ್ಗೆ ನಮ್ಮವ್ವನಿಗೆ ತಿಳಿದದ್ದು ಇಷ್ಟೇ: ಮಗಳು ಧಾರವಾಡದಲ್ಲಿ ಗಾಜಿಗೆ ಏನೋ ಕರ್ರಗೆ ಬಳಿಯುತ್ತಾಳೆ, ಅದಕ್ಕೆ ನೀರು ತಾಗಬಾರದು. ಸುಳ್ಳೇನಲ್ಲ. ಪೆರೋವ್‌ಸ್ಕೈಟ್ ಎನ್ನುವ ಆ ಕಪ್ಪು ಪದರ ಬಿಸಿಲು ಬಿದ್ದರೆ ಕರೆಂಟು ಕೊಡುತ್ತದೆ. ಮಾಡುವುದಕ್ಕೆ ಹೆಚ್ಚು ಖರ್ಚಿಲ್ಲ, ಕೆಡದಂತೆ ಕಾಪಾಡುವುದೇ ಪೀಕಲಾಟ. ತೇವ ಒಳಗೆ ನುಸುಳಿತೋ, ಹರಳು ಒಡೆದು ಹಳದಿಯಾಗುತ್ತದೆ. ಹಳದಿಯಾದದ್ದು ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಅದನ್ನು ಎರಡು ಗಾಜಿನ ನಡುವೆ ಇಟ್ಟು, ಅಂಚಿಗೆ ರಬ್ಬರಿನಂಥ ಪಟ್ಟಿ ಕೂರಿಸಿ, ಬಿಸಿ ಮಾಡಿ ಒತ್ತಿ ಮುಚ್ಚುವುದು ನನ್ನ ವಿಷಯ. ಹಾಗೆ ನಾಲ್ಕು ಮಾಡಿದ್ದೆ. ಒಂದು ಮಳೆಗಾಲ ಬಯಲಲ್ಲಿದ್ದು ನಾಲ್ಕೂ ಕಪ್ಪಾಗಿಯೇ ಉಳಿದರೆ ಪ್ರಬಂಧ ಬರೆದು ಮುಗಿಸು, ಒಂದು ಕೆಟ್ಟರೂ ಇನ್ನೊಂದು ಮಳೆಗಾಲ ಎಂದು ಗೈಡ್ ಹೇಳಿಬಿಟ್ಟಿದ್ದರು. ಓರಗೆಯವರೆಲ್ಲ ಮುಗಿಸಿ ಹೋಗಿದ್ದರು. ಇನ್ನೂ ಸಾಲಿ ಮುಗೀಲಿಲ್ಲೇನು ಎಂದು ಕೇಳುವವರಿಗೆ ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿತ್ತು.

ಕಾಲೇಜಿನ ಮಾಳಿಗೆಯ ಮೇಲಿಟ್ಟರೆ ಮಂಗಗಳು ವೈರು ಉಳಿಸುವುದಿಲ್ಲ. ಹಾಗಾಗಿ ಬೈಲಹೊಂಗಲದ ನಮ್ಮ ಮನೆಯ ಮಾಳಿಗೆಗೆ ತಂದಿಟ್ಟೆ. ಮಳೆ ಚೆನ್ನಾಗಿಯೇ ಹೊಡೆಯಿತು. ರಜೆ ಸಿಕ್ಕಾಗ ಬಂದು ಅಳೆದು ಹೋಗುತ್ತಿದ್ದೆ. ಕೊನೆಯ ಕೆಲವು ವಾರ ಬರಲಾಗಲಿಲ್ಲ. ಫೋನಿನಲ್ಲಿ ಕೇಳಿದರೆ ಎಲ್ಲಾ ಕರ್ರಗದಾವ, ನೀ ಉಂಡಿಯಿಲ್ಲೋ ಎನ್ನುತ್ತಿದ್ದಳು ಅವ್ವ.

ದಸರೆಗೆ ಆಯುಧಗಳನ್ನಿಟ್ಟು ಮಾಡುವ ಖಂಡೇ ಪೂಜೆಯ ದಿನ ಬೆಳಗಿನ ಬಸ್ಸಿಗೆ ಬಂದವಳು ಚಪ್ಪಲಿ ಬಿಟ್ಟು ಸೀದಾ ಮಾಳಿಗೆ ಹತ್ತಿದೆ. ಗಾಜುಗಳಿಲ್ಲ. ಕೆಳಗಿಳಿದು ಬಂದರೆ ದೇವರ ಜಗುಲಿಯ ಮುಂದೆ ಅವ್ವನ ಹೊಲಿಗೆ ಮಷೀನು, ಕತ್ತರಿ, ಕುಡಗೋಲು, ಅವುಗಳ ಪಕ್ಕಕ್ಕೆ ನನ್ನ ನಾಲ್ಕು ಗಾಜು. ನಾಲ್ಕೂ ಹಳದಿ.

ಹಿಂದಿನ ವಾರ ಅವ್ವ ಸವದತ್ತಿಗೆ ಹೋಗಿದ್ದಳಂತೆ. ಮಗಳ ಗಾಜಿನೊಳಗೆ ನೀರು ಹೋಗದಿರಲಿ ಎಂದು ಎಲ್ಲಮ್ಮನಲ್ಲಿ ಬೇಡಿಕೊಂಡು ಭಂಡಾರ ತಂದಿದ್ದಳು. ಆ ಅರಿಶಿನ ಪುಡಿಯನ್ನೇ ಗಾಜಿಗೆ ಮೆತ್ತಿದ್ದಳು. ಅದಕ್ಕೂ ಮೊದಲು, ಉಳಿದ ಸಾಮಾನಿನ ಜೊತೆಗೆ ಕೊಡ ನೀರು ಸುರಿದು ತೊಳೆದಿದ್ದಳು!

ಸಿಟ್ಟು ನನಗೆ ಮೊದಲೇ ಮೂಗಿನ ತುದಿಯಲ್ಲಿ. ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ನೀರು ಬರಬಾರದೆಂದು ಹರಕೆ ಹೊತ್ತವರು ನೀರು ಸುರಿಯುತ್ತಾರೇನು ಎಂದೆ.

ಅವಳು ಶಾಂತವಾಗಿ, “ದುಡ್ಯೂ ಸಾಮಾನ ಅಲ್ಲೇನವ್ವಾ? ತೊಳೀದ ಪೂಜಾ ಮಾಡೂದ ಹೆಂಗ?” ಎಂದಳು.

ಒಣ ಅರಿವೆ ತಂದು ಒರೆಸಿದೆ. ಮೊದಲನೆಯದು ಕಪ್ಪು. ಎರಡನೆಯದೂ ಮೂರನೆಯದೂ ಕಪ್ಪು, ನೀರು ಕುಡಿದ ಗುರುತೇ ಇಲ್ಲ. ಜೀವ ಬಂದಂತಾಯಿತು. ನಾಲ್ಕನೆಯದನ್ನು ಅವ್ವ ಒರೆಸುತ್ತಿದ್ದಳು. ಒಂದು ಮೂಲೆಯ ಹಳದಿ ಹೋಗಲಿಲ್ಲ. ಸೆರಗಿನಿಂದ ತಿಕ್ಕಿದಳು, ಬಾಯಿಂದ ಉಸಿರು ಊದಿ ತಿಕ್ಕಿದಳು. ಅದು ಗಾಜಿನ ಒಳಗಿನ ಹಳದಿ. ಇನ್ನೊಂದು ವರ್ಷ ಎಂಬುದು ನನಗೆ ಆಗಲೇ ಗೊತ್ತಾಯಿತು. ಅಳು ಬಂತು, ಅಲ್ಲೇ ಕೂತು ಅತ್ತೆ.

“ನಾ ಸುರದ ನೀರ ಒಳಗ ಹೊಕ್ಕೈತಿ,” ಎಂದಳು ಅವ್ವ.

ಕಣ್ಣೊರೆಸಿಕೊಂಡು ತೋರಿಸಿದೆ. ವೈರು ಹೊರಗೆ ಬರುವ ಸಂದಿಯಿಂದ ಹಳದಿ ಹಬ್ಬಿತ್ತು, ಗೋಡೆಗೆ ತೇವ ಏರಿದ ಹಾಗೆ. ಅಷ್ಟು ಹಬ್ಬಲು ಎಷ್ಟೋ ದಿನ ಬೇಕು, ಬೆಳಿಗ್ಗೆ ಸುರಿದ ಒಂದು ಕೊಡದಿಂದ ಆಗುವಂಥದ್ದಲ್ಲ. ಫೋನಿನಲ್ಲಿ ಎಲ್ಲಾ ಕರ್ರಗದಾವ ಎನ್ನುತ್ತಿದ್ದ ಅವ್ವನಿಗೆ ಮೂಲೆಯ ಕಲೆ ಕಂಡಿರಲಿಲ್ಲ, ಅಷ್ಟೆ. ಅವಳು ನಂಬಿದಳೋ ಇಲ್ಲವೋ, ಆ ಸಂದಿಯನ್ನು ಸೆರಗಿನಿಂದ ಇನ್ನೊಮ್ಮೆ ಒರೆಸಿದಳು.

“ಬರೂ ಮಳಿಗಾಲಕ್ಕೂ ಇಲ್ಲೇ ತಂದಿಡು. ನಾ ಹನಿ ನೀರ ಮುಟ್ಟಸೂದಿಲ್ಲ.”

“ಹಾಕವ್ವಾ, ಕೊಡಗಟ್ಲೆ ಹಾಕು,” ಎಂದೆ. “ನಿನ್ನ ನೀರ ತಡೀಲಾರದ್ದು ಯಾರ ಮನಿ ಮ್ಯಾಲೂ ಉಳಿಯೂದಿಲ್ಲ.”

ಅವ್ವ ನಾಲ್ಕನೆಯದಕ್ಕೆ ಇನ್ನೊಮ್ಮೆ ಭಂಡಾರ ಹಚ್ಚಿ, ಕತ್ತರಿಯ ಪಕ್ಕಕ್ಕೆ ಉಳಿದ ಮೂರರ ಸಾಲಿನಲ್ಲಿಟ್ಟು, ಒಡೆಯಲೆಂದು ತೆಂಗಿನಕಾಯಿಯನ್ನು ನನ್ನ ಕೈಗೆ ಕೊಟ್ಟಳು.