ಬಾಯ್ತುಂಬ ಸ್ಕ್ರೂ

ದೆವ್ವ ಕಂಡೆ ಎಂದವರ ದನಿಯನ್ನು ಅವರೆದುರಿಗೇ ಅಣಕಿಸಿ ನಗಿಸುತ್ತಿದ್ದವನು ನಾನು. ಹೊಸಪೇಟೆಯ ನಮ್ಮ ಓಣಿಯಲ್ಲಿ ನಾನು ಬಿಟ್ಟವರಿಲ್ಲ. ಮಾಸ್ತರರ ಕೆಮ್ಮು, ಕಂಪ್ಲಿಯ ಸೋದರತ್ತೆಯ ಗೊರಕೆ, ಹುಡುಗಿಯರ ಮುಂದೆ ತೊದಲುವ ನನ್ನದೇ ದನಿ, ಎಲ್ಲ ನನ್ನ ಬಾಯಲ್ಲಿದ್ದವು. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಸಿಟ್ಟಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಅಪ್ಪ ಫಟ್‌ಫಟಿ ರಿಪೇರಿ ಮಾಡುತ್ತಿದ್ದ. ಬಿಚ್ಚಿದ ಸ್ಕ್ರೂ, ನಟ್ಟುಗಳು ಕಳೆಯಬಾರದೆಂದು ಎಲೆ ಅಡಿಕೆಯ ಹಾಗೆ ದವಡೆಯಲ್ಲಿಟ್ಟುಕೊಳ್ಳುವುದು ಅವನ ರೂಢಿ. ಇಟ್ಟುಕೊಂಡೇ ಮಾತಾಡುತ್ತಿದ್ದ. ನಟ್ಟು ಬಿಚ್ಚುವ ಪಾನಾ ಹಿಡಿದು ಪಕ್ಕದಲ್ಲೇ ಕೂತ ನನಗೆ ಅದು ಬರೀ ಗೊಳಗೊಳ. ಒಳಗೆ ರೊಟ್ಟಿ ಬಡಿಯುವ ಅವ್ವನಿಗೆ ಮಾತ್ರ ಒಂದೊಂದು ಮಾತೂ ತಿಳಿಯುತ್ತಿತ್ತು.

"ಸಣ್ಣ ಪಾನಾ ಕೇಳಾಕತ್ತಾರ, ಕೊಡಲೇ ಕಿವುಡ!" ಎಂದು ಅಲ್ಲಿಂದಲೇ ಕೂಗುತ್ತಿದ್ದಳು.

ಸಂಡೂರಿನ ಧಣಿಯೊಬ್ಬರ ಗಾಡಿಯನ್ನು ಬಿಚ್ಚಿ ಹರವಿದ್ದಾಗ ಅಪ್ಪನಿಗೆ ಜ್ವರ ಬಂತು. ಮತ್ತೆ ಏಳಲಿಲ್ಲ. ಅವ್ವ ಅಳಲಿಲ್ಲ. ಮಾತೂ ಬಿಟ್ಟಳು. ಊಟದ ಗಂಗಾಳದ ಮುಂದೆ ಕೂತು ಹಾಗೇ ಎದ್ದುಬಿಡುತ್ತಿದ್ದಳು. ಇವಳೂ ಅವನ ಹಿಂದೆಯೇ ಹೋಗುತ್ತಾಳೆಂದು ನನಗೆ ಭಾಳ ಹೆದರಿಕೆಯಾಗಿತ್ತು.

ಒಂದು ಮಧ್ಯಾಹ್ನ ಆ ಗಾಡಿ ಜೋಡಿಸುತ್ತಿದ್ದೆ. ಒಂದು ಸಣ್ಣ ಸ್ಪ್ರಿಂಗು ಎಲ್ಲಿ ಹುಡುಕಿದರೂ ಸಿಗಲಿಲ್ಲ. ಬೇಸತ್ತುಹೋದೆ. ಅವ್ವ ನಗಲಿ, ಇಲ್ಲವೇ ಎದ್ದು ಬಂದು ಬಡಿಯಲಿ ಎಂದು ದವಡೆಗೆ ಸ್ಕ್ರೂ ತುಂಬಿಕೊಂಡು ಅಪ್ಪನ ಹಾಗೆ ಗೊಳಗೊಳ ಎಂದೆ. ಅದರಲ್ಲಿ ಮಾತಿರಲಿಲ್ಲ. ಆಣೆ ಮಾಡುತ್ತೇನೆ, ಬರೀ ಸದ್ದು.

"ಹ್ಞೂಂರಿ, ಬಂದೆ," ಎಂದಿತು ಅವ್ವನ ದನಿ.

ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದವಳು ನೆಟ್ಟಗೆ ಬಾಗಿಲ ಮೇಲಿನ ಜಂತಿಯ ಸಂದಿಗೆ ಕೈ ಹಾಕಿ, ಬಟ್ಟೆಯ ಗಂಟೊಂದನ್ನು ತೆಗೆದು ನನ್ನ ಕೈಗಿಟ್ಟಳು. ಒಳಗೆ ಸ್ಪ್ರಿಂಗು ಇತ್ತು. ನಾನು ಸ್ಕ್ರೂಗಳನ್ನು ಉಗುಳಿದೆ.

"ಅಲ್ಲೈತಿ ಅಂತ ಯಾರು ಹೇಳಿದ್ರವ್ವಾ?"

"ಈಗ ಅಂದ್ರಲ್ಲ, ಜಂತಿ ಸಂದ್ಯಾಗ ಐತಿ, ಜಲ್ದಿ ತಾ ಅಂತ..."

ಅಂದವಳು ನನ್ನ ಮುಖ ನೋಡಿದಳು. ಸುತ್ತ ನೋಡಿದಳು. ಆಮೇಲೆ ಗಾಡಿಯ ಪಕ್ಕ ಕುಸಿದು, ಅಪ್ಪ ಹೋದ ಮೇಲೆ ಮೊದಲ ಸಲ, ಬಾಯಿ ಬಿಟ್ಟು ಅತ್ತಳು. ಸಂಜೆ ಒಂದು ರೊಟ್ಟಿ ತಿಂದಳು.

ಅಪ್ಪ ಅದನ್ನು ಇಡುವಾಗ ಅವಳು ಕಂಡಿರಬೇಕು ಎನ್ನುತ್ತೀರಿ. ನಾನೂ ಕೇಳಿದೆ. ಕಂಡಿಲ್ಲ ಎಂದಳು. ಅವ್ವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಹೋದರೆ ಮೂಗು ಹೇಗೆ ಕೆಂಪಾಗುತ್ತದೆ ಎಂದು ಬೇಕಾದರೆ ಮಾಡಿ ತೋರಿಸುತ್ತೇನೆ. ಇದಕ್ಕಿಂತ ಹೆಚ್ಚು ನನಗೆ ತಿಳಿಯದು.

ಗಾಡಿ ಸುರುವಾಯಿತು, ಧಣಿ ಒಯ್ದರು. ಈಗಲೂ ಕೆಲವು ಸಲ ಕೆಲಸದ ನಡುವೆ ಅವ್ವ ಬಂದು ಹೊಸ್ತಿಲಲ್ಲಿ ಕೂರುತ್ತಾಳೆ. ನಾನೇ ದವಡೆ ತುಂಬಿಕೊಂಡು ಗೊಳಗೊಳ ಎನ್ನುತ್ತೇನೆ. ಅವಳು ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳುತ್ತಾಳೆ.

"ಇದು ನೀನಽ," ಅನ್ನುತ್ತಾಳೆ. "ಸಾಕು, ಉಗುಳಪ್ಪ. ನುಂಗಿಗಿಂಗೀಯ."