ಪ್ರತಿ ಸಲವೂ ಫಿಟ್

ದುಬೈನ ಇಂಟರ್‌ನ್ಯಾಷನಲ್ ಸಿಟಿಯಿಂದ ನಮ್ಮನ್ನು ಆಫೀಸಿಗೆ ಬಿಡುತ್ತಿದ್ದ ಕಂಪನಿ ವ್ಯಾನಿನ ಡ್ರೈವರು ಉಡುಪಿ ಕಡೆಯವರು. ಯಾರಾದರೂ ಕಾಯಿಲೆಯ ಮಾತೆತ್ತಿದರೆ ಸಾಕು, ಸ್ಟಿಯರಿಂಗಿಗೆ ಪಟ್ಟನೆ ಬಡಿದು ನಗುತ್ತಿದ್ದರು. "ನಂಗೆ ಎಂತದೂ ಇಲ್ಲ ಮಾರಾಯ್ರೆ. ಪ್ರತಿ ಸಲ ವೀಸಾ ಮೆಡಿಕಲ್ ಫಿಟ್!"

ಬೆನ್ನುನೋವಿಗೆಂದು ಮಾಡಿಸಿದ ಸ್ಕ್ಯಾನಿನ ವರದಿ ಕೇಳಲು ಅವರ ಜೊತೆ ನಾನೂ ಹೋಗಿದ್ದೆ. ಅಲ್ಲಿನ ಕ್ಲಿನಿಕ್ಕಿನಲ್ಲಿದ್ದ ಮಂಗಳೂರು ಕಡೆಯ ಡಾಕ್ಟರು ತಗ್ಗಿದ ದನಿಯಲ್ಲಿ ಹೇಳಿದರು. ಹೆಪಟೈಟಿಸ್ ಬಿ ವೈರಸ್ಸು ವರ್ಷಗಟ್ಟಲೆ ಲಿವರಿನಲ್ಲಿ ಸದ್ದಿಲ್ಲದೆ ಕೂತಿತ್ತು. ಅಲ್ಲೇ ಕ್ಯಾನ್ಸರ್ ಹುಟ್ಟಿ ಬೆನ್ನುಮೂಳೆಗೂ ಹರಡಿದೆ. ಡ್ರೈವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ವೀಸಾಕ್ಕೆಂದು ಇಷ್ಟು ಸಲ ರಕ್ತ ತೆಗೆದಿದ್ದಾರಲ್ಲ ಡಾಕ್ಟ್ರೇ?"

"ನಿಮ್ಮ ಕೆಲಸದ ವೀಸಾಕ್ಕೆ ಈ ವೈರಸ್ಸನ್ನು ನೋಡುದಿಲ್ಲ."

"ಹಾಗಾದ್ರೆ ಫಿಟ್ ಅಂದದ್ದು ಎಂತಕ್ಕೆ?"

ಎಂದಿನಂತೆ ಬಡಿಯಲೆಂದು ಎತ್ತಿದ ಡ್ರೈವರರ ಕೈ ಮೇಜಿನ ಮೇಲೆ ಗಾಳಿಯಲ್ಲೇ ನಿಂತುಬಿಟ್ಟಿತು. ಅದನ್ನು ನಾನೇ ಹಿಡಿದು ಕೆಳಗಿಳಿಸಬೇಕಾಯಿತು.