ಹಿಂದಿರುಗಿಸಿದ ಮೊದಲ ಅಧ್ಯಾಯ

ಆಫ್ರಿಕದಲ್ಲಿ ಕುಳಿತು ಮಾನವಶಾಸ್ತ್ರ ಕಲಿಸುವವರು ಆಫ್ರಿಕದ ಬುಡಕಟ್ಟುಗಳನ್ನೇ ಅಧ್ಯಯನ ಮಾಡಿರಬೇಕೆಂದು ಲೋಕ ಬಯಸುತ್ತದೆ. ಡಾ. ಶೈಲಜಾ ಅವರು ಈ ಬಯಕೆಗೆ ಮೂವತ್ತು ವರ್ಷ ಸೊಪ್ಪು ಹಾಕಲಿಲ್ಲ. ನೈರೋಬಿಯ ಅಪ್ಪರ್ ಹಿಲ್‌ನ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಹೈರಿಡ್ಜ್‌ನ ಮನೆಯಲ್ಲಿ ಕುಚ್ಚಲಕ್ಕಿ ಗಂಜಿ ಉಣ್ಣುತ್ತ ಅವರು ಬರೆದದ್ದು ಕೆನಡಾದ ಪಡುಗಡಲ ದಂಡೆಯ ಸಿಮ್ಶಿಯನ್ ಜನರ ಒಂದು ಊರಿನ ಚರಿತ್ರೆಯನ್ನು. ಆ ಜನರ ಕುಲವ್ಯವಸ್ಥೆಯನ್ನು ಇಷ್ಟು ಅಕ್ಕರೆಯಿಂದ ಅರಿತ ಇನ್ನೊಬ್ಬ ಕನ್ನಡಿಗರನ್ನು ಅವರ ಶಿಷ್ಯರಾದ ನಾವು ಕಂಡಿಲ್ಲ.

ಸಂಶೋಧನ ವಿದ್ಯಾರ್ಥಿನಿಯಾಗಿ ಮೊದಲು ಆ ಊರಿನ ದೋಣಿಗಟ್ಟೆಗೆ ಇಳಿದಾಗ ಅವರಿಗೆ ಮೂವತ್ತೂ ಆಗಿರಲಿಲ್ಲ. ಮಂಗಳೂರು ಕಡೆಯ ಅಳಿಯಸಂತಾನದ ಮನೆಯಲ್ಲಿ ಹುಟ್ಟಿದ ಅವರಿಗೆ ಅಲ್ಲಿನ ಪದ್ಧತಿ ನೆಂಟರ ಮನೆಯಷ್ಟು ಪರಿಚಿತವೆನಿಸಿತು. ಅಲ್ಲಿಯೂ ತಾಯಿಯ ಕುಲವೇ ಮಕ್ಕಳ ಕುಲ. ಮಾವನ ಹೆಸರೂ ಅಧಿಕಾರವೂ ಅಕ್ಕತಂಗಿಯರ ಮಕ್ಕಳಿಗೆ. ಒಂದೇ ಕುಲದೊಳಗೆ ಮದುವೆಯಿಲ್ಲ. ಕಡಲ ಕೊಲೆಗಾರ ತಿಮಿಂಗಿಲ, ತೋಳ, ಕಾಗೆ, ಹದ್ದು ಎಂಬ ನಾಲ್ಕು ಕುಲಗಳು; ಕುಲದೊಳಗೆ ಮನೆತನಗಳು; ಪ್ರತಿ ಮನೆತನಕ್ಕೂ ತನ್ನದೇ ಪೂರ್ವಕಥೆ. ಆ ಕಥೆ ಆ ಮನೆಯ ಆಸ್ತಿ. ಔತಣದ ಸಭೆಯಲ್ಲಿ, ಅತಿಥಿಗಳ ಸಾಕ್ಷಿಯಲ್ಲಿ, ಆ ಮನೆಯವರೇ ಅದನ್ನು ಹೇಳಬೇಕು. ಸರ್ಕಾರ ಅರವತ್ತಕ್ಕೂ ಹೆಚ್ಚು ವರ್ಷ ಇಂಥ ಔತಣಗಳನ್ನೇ ನಿಷೇಧಿಸಿ, ಮಕ್ಕಳನ್ನು ದೂರದ ವಸತಿ ಶಾಲೆಗಳಿಗೆ ಒಯ್ದ ಮೇಲೂ ಕಥೆಗಳು ಅಡುಗೆಮನೆಗಳಲ್ಲಿ ಜೀವ ಹಿಡಿದುಕೊಂಡಿದ್ದವು. ತೋಳ ಕುಲದ ಮ್ಯಾಥ್ಯೂ ಎಂಬ ವೃದ್ಧರು ಮೀನು ಹೊಗೆಗಿಡುತ್ತ ಹೇಳಿದ್ದನ್ನೆಲ್ಲ ಶೈಲಜಾ ಅವರು ಕ್ಯಾಸೆಟ್ಟಿಗೆ ತುಂಬಿಸಿದರು.

ನೈರೋಬಿಗೆ ಬಂದ ಮೇಲಿನ ಅವರ ಉಪಕಾರಗಳನ್ನು ಬರೆಯಹೊರಟರೆ ಸಂಪುಟ ಸಾಲದು. ಲ್ಯಾವಿಂಗ್ಟನ್‌ನ ಡೆಂಜಿಲ್ ಎಂಬ ಶಿಷ್ಯನ ತಾಯಿ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನವೂ ಅವರು ಬುತ್ತಿ ಹೊತ್ತು ಹೋದರು. ಅಲ್ಲೇ ಹೊರಗಿನ ಬೆಂಚಿನಲ್ಲಿ ಅವನ ಪ್ರಬಂಧವನ್ನು ಕೆಂಪು ಶಾಯಿಯಲ್ಲಿ ಮೀಯಿಸಿದರು. ಅವರ ಪ್ರೀತಿ ಹಾಗೆಯೇ, ಊಟ ಬಡಿಸಿ ಕಿವಿ ಹಿಂಡುವ ಜಾತಿಯದು.

ನಿವೃತ್ತಿಗೆ ಒಂದು ವರ್ಷವಿರುವಾಗ ಜೀವಮಾನದ ಪುಸ್ತಕದ ಕರಡಚ್ಚು ಬಂತು. ಅಕ್ಟೋಬರಿನೊಳಗೆ ಪುಸ್ತಕ ಹೊರಬಂದರೆ ಪ್ರಾಧ್ಯಾಪಕ ಪದವಿ, ಇಲ್ಲವಾದರೆ ಇಲ್ಲ. ಕರಡು ತಿದ್ದಲು ಕುಳಿತ ಡೆಂಜಿಲ್ ತಲೆಯೆತ್ತಿ ಕೇಳಿದ: “ಮೇಡಂ, ಚಾರ್ಟ್‌ನಲ್ಲಿ ಮ್ಯಾಥ್ಯೂ ಅಜ್ಜ ತೋಳ ಕುಲ ಅಂತಿದೆ. ಫಸ್ಟ್ ಚಾಪ್ಟರ್‌ನಲ್ಲಿ ಅವ್ರು ಹೇಳಿರೋ ಸ್ಟೋರಿ ತಿಮಿಂಗಿಲ ಮನೇದಲ್ವಾ?”

ಶೈಲಜಾ ಅವರ ಪೆನ್ನು ನಿಂತಿತು. “ಅದು ಅವರ ಅಪ್ಪನ ಮನೆಯದ್ದು ಮಾರಾಯ,” ಎಂದರು ಮೆಲ್ಲಗೆ. ಮ್ಯಾಥ್ಯೂ ಪ್ರೀತಿಯಿಂದ ‘ನಮ್ಮ ಮನೆ’ ಎಂದಿದ್ದರು. ತಾವೂ ತಮ್ಮ ಅಪ್ಪನ ಕಥೆಗಳನ್ನೇ ಕೇಳಿ ಬೆಳೆದ ಶೈಲಜಾ ಅವರು ಅಷ್ಟೇ ಪ್ರೀತಿಯಿಂದ ನಂಬಿ, ಅದನ್ನು ಮ್ಯಾಥ್ಯೂ ಮನೆತನದ ಕಥೆಯೆಂದು ಬರೆದಿದ್ದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದ ಹಾಗಾಯಿತು.

“ಒಂದು ಫುಟ್‌ನೋಟ್ ಹಾಕಿದ್ರೆ ಸಾಕಲ್ವಾ ಮೇಡಂ?”

“ನಿನ್ನ ಅಮ್ಮನ ಬಂಗಾರವನ್ನು ಪಕ್ಕದ ಮನೆಯವರು ಹಾಕಿಕೊಂಡು, ಇದು ನಿಮ್ಮದು ಅಂತ ಚೀಟಿ ಬರೆದಿಟ್ಟರೆ ನಿನಗೆ ಸಾಕಾ?”

ಮ್ಯಾಥ್ಯೂ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಶೈಲಜಾ ಅವರು ತಿಮಿಂಗಿಲ ಕುಲದ ಆ ಮನೆತನದ ಯಜಮಾನಿ ನತಾಲಿಯಾ ಅವರಿಗೆ ಫೋನು ಮಾಡಿದರು. “ಇದು ಫೋನಿನಲ್ಲಿ ಮುಗಿಯುವ ಮಾತಲ್ಲ. ಸಭೆಯಲ್ಲಿ ನಿಂತು ಹೇಳಬೇಕು. ನವೆಂಬರಿನಲ್ಲಿ ಔತಣವಿದೆ, ಬಾ,” ಎಂದರು ಆಕೆ. ನವೆಂಬರೆಂದರೆ ಪದವಿ ಕೈತಪ್ಪಿದಂತೆಯೇ. ಆ ಸಂಜೆಯೇ ಶೈಲಜಾ ಅವರು ಮುದ್ರಣ ನಿಲ್ಲಿಸುವಂತೆ ಪ್ರಕಾಶಕರಿಗೆ ಪತ್ರ ಬರೆದರು.

ಸಾಕ್ಷಿಗಳಿಗೆ ಉಡುಗೊರೆ ಕೊಟ್ಟೇ ತಪ್ಪನ್ನು ತೊಳೆಯುವುದು ಅಲ್ಲಿನ ರೂಢಿ. ಎರಡು ಸೂಟ್‌ಕೇಸಿನ ತುಂಬ ಕಾಂಗಾ ಬಟ್ಟೆ, ಕೀನ್ಯಾದ ಕಾಫಿಪುಡಿ ಹೊತ್ತು ಹೋದ ಅವರು, ಸಭೆಯಲ್ಲಿ ಮೊದಲು ತಮ್ಮ ತಾಯಿಯ ಬಳಿಯ, ಅಂದರೆ ಕುಲದ, ಹೆಸರು ಹೇಳಿ, ಆಮೇಲೆ ತಪ್ಪು ಹೇಳಿಕೊಂಡು, ಒಬ್ಬೊಬ್ಬರ ಕೈಗೂ ಉಡುಗೊರೆಯಿತ್ತರು. ಅಷ್ಟಾದ ಮೇಲಾದರೂ ಕಥೆಯನ್ನು ಅಚ್ಚುಹಾಕಲು ಅಪ್ಪಣೆ ಸಿಕ್ಕೀತೆಂಬ ಆಸೆ ಅವರೊಳಗಿತ್ತು. ನತಾಲಿಯಾ ಎದ್ದು ನಿಂತು, “ತಪ್ಪು ತೀರಿತು. ಇನ್ನು ಯಾರೂ ಅದನ್ನು ಎತ್ತಬಾರದು. ಕಥೆ ಮಾತ್ರ ನಮ್ಮ ಮನೆಯಲ್ಲೇ ಇರುತ್ತದೆ,” ಎಂದರು. ಶೈಲಜಾ ಅವರಿಗೆ ದುಃಖವಾಯಿತು, ಮುಚ್ಚಿಡುವುದೇಕೆ. ಆದರೂ ಮ್ಯಾಥ್ಯೂ ದನಿಯಿದ್ದ ಕ್ಯಾಸೆಟ್ಟನ್ನು ಪ್ರತಿ ಇಟ್ಟುಕೊಳ್ಳದೆ ಅಲ್ಲೇ ಒಪ್ಪಿಸಿ ಬಂದರು.

ಪುಸ್ತಕ ಮೊದಲ ಅಧ್ಯಾಯವಿಲ್ಲದೆ, ತಡವಾಗಿ ಬಂತು. ಅವರು ಪ್ರಾಧ್ಯಾಪಕರಾಗದೆಯೇ ನಿವೃತ್ತರಾದರು. ಈಗ ಉಳಿದ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಕೇಳಿ, ಯಾವ ಕಥೆ ಯಾವ ಮನೆಯದೆಂದು ವಿಂಗಡಿಸಿ, ಆಯಾ ಮನೆಗೇ ಕಳುಹಿಸುತ್ತಿದ್ದಾರೆ.

ಕಳೆದ ತಿಂಗಳು ನತಾಲಿಯಾ ಅವರ ಫೋನು ಬಂದಾಗ ಡೆಂಜಿಲ್ ಅಲ್ಲಿಯೇ ಇದ್ದ. ಅವರ ಮಗಳ ಮಗಳು ಅಲಿಶಾ ಮೊದಲ ಬಾರಿಗೆ ಸಭೆಯಲ್ಲಿ ನಿಂತು ಮನೆಯ ಕಥೆಯನ್ನು ಪೂರ್ತಿಯಾಗಿ ಹೇಳಿದ್ದಳು. “ನಡುವಿನ ಒಂದು ಭಾಗ ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ ಶೈಲಜಾ. ಆ ಕ್ಯಾಸೆಟ್ಟಿನಲ್ಲಿ ಮ್ಯಾಥ್ಯೂ ಬಾಯಿಂದಲೇ ಹುಡುಗಿ ಕಲಿತಳು,” ಎಂದರಂತೆ ಆಕೆ. ನಮ್ಮನ್ನೆಲ್ಲ ಗದರಿಸಿ ಬೆಳೆಸಿದ ಗುರುಗಳು ಫೋನು ಹಿಡಿದುಕೊಂಡೇ ಬಿಕ್ಕಿಬಿಕ್ಕಿ ಅತ್ತರು.

ಅವರಿಗೆ ದೀರ್ಘಾಯುಸ್ಸೂ ಕಿವಿಗೆ ಕಸುವೂ ಇರಲಿ. ಪೆಟ್ಟಿಗೆಯಲ್ಲಿ ಇನ್ನೂ ಕ್ಯಾಸೆಟ್ಟುಗಳಿವೆ. ಕಡಲಾಚೆ ಕಾದಿರುವ ಮನೆಗಳಿವೆ.